ಕರಿಮಣ್ಣಿನ ನಾಡಿನ ಹೃದಯಸಂಪತ್ತು

ಮುಷ್ಟಿಯಷ್ಟು ಗಾತ್ರ, ಸುಮಾರು 300 ಗ್ರಾಂ ತೂಕ. ಆದರೂ ಮನುಷ್ಯನ ಹೃದಯ ದಿನವೊಂದಕ್ಕೆ ಮಿಡಿಯುವುದು ಸುಮಾರು 1 ಲಕ್ಷ ಬಾರಿ. ಆ ಒಂದೇ ದಿನದಲ್ಲಿ ಅದು ದೇಹದೊಳಗೆ ಹರಿಸುವ ರಕ್ತದ ಒಟ್ಟು ಪ್ರಮಾಣ 7,000 ಲೀಟರ್‌ಗಳ ಆಸುಪಾಸು. ಬೇಸಿಗೆಯಲ್ಲಿ ಊರಿಗೆ ನೀರು ತರುವ ಟ್ರ್ಯಾಕ್ಟರ್ ಟ್ಯಾಂಕರನ್ನೂ ಮೀರಿಸುವ ಮೊತ್ತ. ಗರ್ಭದಲ್ಲಿ ಆರಂಭವಾದ ಈ ಕಾಯಕಕ್ಕೆ ರಜೆಯಿಲ್ಲ, ಸರದಿಯಿಲ್ಲ. ಇಡೀ ಶರೀರಕ್ಕೆ ಅನ್ನ ನೀಡುವ ಈ ಮಹಾದಾಸೋಹಿಗೆ ತನ್ನ ಪಾಲಿನ ಅನ್ನ ಬರುವುದು ಮಾತ್ರ ಮೂರು–ನಾಲ್ಕು ಮಿಲಿಮೀಟರ್ ಅಗಲದ ಪುಟ್ಟ ರಕ್ತನಾಳಗಳ ಮೂಲಕ. ಅವು ಸ್ವಚ್ಛವಾಗಿರುವವರೆಗೆ ಬದುಕು ನಿರಾತಂಕ. ಅಲ್ಲಿ ಕೊಬ್ಬು ಕಟ್ಟಿ, ರಕ್ತ ಹೆಪ್ಪುಗಟ್ಟಿದರೆ ಅದೇ ಹೃದಯಾಘಾತ.

ಈ ಮಹಾಯಂತ್ರವನ್ನು ಕಾಪಾಡುವ ವಿದ್ಯೆ ದೊಡ್ಡ ನಗರಗಳ ದುಬಾರಿ ಆಸ್ಪತ್ರೆಗಳಲ್ಲಿ ಮಾತ್ರ ಇದೆ ಎಂದು ಭಾವಿಸುವವರು ಒಮ್ಮೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯನ್ನು ನೋಡಬೇಕು. ಅಮರ್ಜಾ ಮತ್ತು ಭೀಮಾ ನದಿಗಳು ಹರಿಯುವ ಕರಿಮಣ್ಣಿನ ನಾಡಿದು. ಇಲ್ಲಿನ ಹೊಲ, ಒಲೆ, ಜಾತ್ರೆ, ಪಾದಯಾತ್ರೆಗಳಲ್ಲಿ ತಲೆಮಾರುಗಳಿಂದ ಉಳಿದು ಬಂದಿರುವ ಜೀವನಕ್ರಮವನ್ನು ಇಂದಿನ ಹೃದ್ರೋಗ ವಿಜ್ಞಾನದ ಪಕ್ಕದಲ್ಲಿಟ್ಟು ನೋಡಿದರೆ ಎರಡರ ನಡುವಿನ ಹೊಂದಾಣಿಕೆ ಬೆರಗು ಹುಟ್ಟಿಸುತ್ತದೆ. ಹೃದಯರಕ್ಷಣೆಯ ಅರ್ಧ ಔಷಧ ಈ ಮೂರು ತಾಲ್ಲೂಕುಗಳ ಅಂಗಳದಲ್ಲೇ ಬೆಳೆಯುತ್ತಿದೆ.

ಹೃದಯವನ್ನು ಅರಿತ ದಾರಿ

ಭಾರತೀಯ ವೈದ್ಯಪರಂಪರೆ ಹೃದಯಕ್ಕೆ ಅತ್ಯುನ್ನತ ಸ್ಥಾನ ನೀಡಿದೆ. ಚರಕಸಂಹಿತೆಯ ಸೂತ್ರಸ್ಥಾನದ ಕೊನೆಯ ಅಧ್ಯಾಯಕ್ಕೆ ಹೆಸರು ಬಂದಿರುವುದೇ ಹೃದಯವನ್ನು ಮೂಲವಾಗಿಸಿಕೊಂಡ ಹತ್ತು ಮಹಾನಾಳಗಳಿಂದ. ಮನಸ್ಸಿನ ಕ್ಷೋಭೆಯಿಂದ ಹೃದಯವನ್ನು ಕಾಪಾಡಬೇಕೆಂಬ ವಿವೇಕವೂ ಅಲ್ಲಿದೆ. 1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆ ರಕ್ತ ದೇಹದಲ್ಲಿ ಸುತ್ತು ಹಾಕುವ ಬಗೆಯನ್ನು ಪ್ರಯೋಗಗಳಿಂದ ಸಾಬೀತುಪಡಿಸಿದರು. ಹೃದಯದ ವಿದ್ಯುತ್ ಸ್ಪಂದನವನ್ನು ಗೆರೆಗಳಲ್ಲಿ ದಾಖಲಿಸುವ ಇಸಿಜಿ ವಿಧಾನವನ್ನು ರೂಪಿಸಿದ ವಿಲ್ಲೆಂ ಐಂಥೋವನ್ ಅವರಿಗೆ 1924ರಲ್ಲಿ ನೊಬೆಲ್ ಪುರಸ್ಕಾರ ಸಂದಿತು.

ಆದರೆ ಹೃದಯ ಏಕೆ ಕೆಡುತ್ತದೆ ಎಂಬ ಪ್ರಶ್ನೆಗೆ ಸ್ಪಷ್ಟ ಉತ್ತರ ದೊರೆತದ್ದು ಆಸ್ಪತ್ರೆಯ ಹೊರಗೆ, ಜನಜೀವನದ ನಡುವೆ. 1948ರಲ್ಲಿ ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 5,209 ಮಂದಿಯ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ಆರಂಭವಾಯಿತು. ರಕ್ತದೊತ್ತಡ, ಕೊಲೆಸ್ಟರಾಲ್, ಧೂಮಪಾನಗಳು ಹೃದ್ರೋಗಕ್ಕೆ ದಾರಿ ಮಾಡಿಕೊಡುತ್ತವೆ ಎಂಬ ತಿಳಿವಳಿಕೆ ಗಟ್ಟಿಯಾದದ್ದು ಅಲ್ಲಿಂದ. 1953ರಲ್ಲಿ ಲಂಡನ್ನಿನ ಜೆರೆಮಿ ಮಾರಿಸ್ ಪ್ರಕಟಿಸಿದ ಫಲಿತಾಂಶ ಇನ್ನೂ ಸ್ವಾರಸ್ಯಕರ. ಎರಡಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಕುಳಿತೇ ಇರುತ್ತಿದ್ದ ಚಾಲಕರಿಗಿಂತ, ಮೆಟ್ಟಿಲು ಹತ್ತಿ ಇಳಿದು ಟಿಕೆಟ್ ಕೊಡುತ್ತಿದ್ದ ಕಂಡಕ್ಟರುಗಳಲ್ಲಿ ಹೃದಯಾಘಾತ ಗಣನೀಯವಾಗಿ ಕಡಿಮೆಯಿತ್ತು. ಒಂದೇ ಬಸ್ಸು, ಒಂದೇ ರಸ್ತೆ. ವ್ಯತ್ಯಾಸ ಕಾಲಿನ ಕೆಲಸದ್ದು.

2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನ ಈ ಸರಣಿಯ ಶಿಖರ. ಕೇರಳ ಮೂಲದ ಹೃದ್ರೋಗ ತಜ್ಞ ಸಲೀಂ ಯೂಸುಫ್ ಅವರ ನೇತೃತ್ವದಲ್ಲಿ 52 ದೇಶಗಳ ಸುಮಾರು 30,000 ಮಂದಿಯನ್ನು ಒಳಗೊಂಡ ಈ ಮಹಾಪರಿಶೀಲನೆ ಕಂಡುಕೊಂಡ ಸತ್ಯ ಸರಳವಾಗಿದೆ: ಮೊದಲ ಹೃದಯಾಘಾತದ ಅಪಾಯದ ಶೇಕಡಾ 90ರಷ್ಟು ಪಾಲು ಒಂಬತ್ತು ಸಂಗತಿಗಳಿಗೆ ಸೇರಿದ್ದು. ತಂಬಾಕು, ಕೆಟ್ಟ ಕೊಬ್ಬು, ರಕ್ತದೊತ್ತಡ, ಮಧುಮೇಹ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ ಇವು ಹೃದಯದ ವೈರಿಗಳಾದರೆ, ನಿತ್ಯ ಹಣ್ಣು–ತರಕಾರಿ ಸೇವನೆ ಮತ್ತು ದೇಹಶ್ರಮ ಅದರ ಮಿತ್ರರು. ಒಂಬತ್ತನೆಯದಾದ ಮದ್ಯದ ವಿಷಯದಲ್ಲಿ ಇಂದಿನ ವೈದ್ಯಶಾಸ್ತ್ರದ ಸಲಹೆ ಸ್ಪಷ್ಟ: ಕುಡಿಯದಿರುವುದೇ ಲೇಸು. ಈ ಒಂಬತ್ತೂ ಮನುಷ್ಯನ ಹಿಡಿತಕ್ಕೆ ಸಿಗುವಂಥವು ಎಂಬುದೇ ಈ ಅಧ್ಯಯನದ ಅತಿ ದೊಡ್ಡ ಅಭಯ. ಒಂದು ಎಚ್ಚರಿಕೆಯೂ ಅದರಲ್ಲಿತ್ತು. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾಗುವ ವಯಸ್ಸು ಸರಿಸುಮಾರು 53. ಇತರ ನಾಡುಗಳವರಿಗಿಂತ ಐದಾರು ವರ್ಷ ಮೊದಲು. ಮಗಳ ಮದುವೆ, ಮಗನ ಓದು, ಹೊಲದ ಸಾಲ ಎಲ್ಲವೂ ಹೆಗಲ ಮೇಲಿರುವ ವಯಸ್ಸದು.

ಎಣ್ಣೆಯಿಲ್ಲದ, ಉಪ್ಪಿಲ್ಲದ ರೊಟ್ಟಿ

ಈ ಜ್ಞಾನದ ಬೆಳಕಿನಲ್ಲಿ ಆಳಂದ ಸೀಮೆಯ ಒಂದು ಅಡುಗೆಮನೆಯನ್ನು ನೋಡಬೇಕು. ಬೆಳಗಿನ ಜಾವ. ಒಲೆಯ ಮೇಲೆ ನೀರು ಎಸರು ಬಂದಿದೆ. ಪರಾತದಲ್ಲಿ ಬಿಳಿಜೋಳದ ಹಿಟ್ಟು. ಅದರ ನಡುವಿನ ಗುಳಿಗೆ ಕುದಿನೀರು ಹೊಯ್ದು, ಮೊದಲು ಸೌಟಿನಿಂದ ಕದಡಿ, ಆಮೇಲೆ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದುತ್ತಾರೆ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಅಂಟಿಲ್ಲ. ನೀರಿನ ಹದ ಮತ್ತು ನಾದುವ ತೋಳಿನ ಬಲವೇ ಅದರ ಅಂಟು. ಉಂಡೆಯನ್ನು ಒಣಹಿಟ್ಟಿನ ಮೇಲಿಟ್ಟು ಬಡಿಯುತ್ತ, ತಿರುಗಿಸುತ್ತ ಹೋದಂತೆ ರೊಟ್ಟಿ ತೆಳ್ಳಗೆ, ದುಂಡಗೆ ಹರಡಿಕೊಳ್ಳುತ್ತದೆ. ಹಂಚಿನ ಮೇಲೆ ಹಾಕಿ, ಒದ್ದೆಬಟ್ಟೆಯಿಂದ ನೀರು ಸವರಿ, ಮಗುಚಿ ಬೆಂಕಿಗೆ ಒಡ್ಡಿದರೆ ಅದು ಉಸಿರು ತುಂಬಿಕೊಂಡಂತೆ ಉಬ್ಬುತ್ತದೆ. ಈ ಇಡೀ ಕ್ರಿಯೆಯಲ್ಲಿ ಒಂದು ಹನಿ ಎಣ್ಣೆ ಬೀಳಲಿಲ್ಲ, ಒಂದು ಚಿಟಿಕೆ ಉಪ್ಪು ಸೇರಲಿಲ್ಲ. ಹೃದ್ರೋಗ ತಜ್ಞರು ಬಯಸುವ ಆಹಾರಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ವಿರಳ.

100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿನಂಶವಿದ್ದರೆ, ಅಷ್ಟೇ ತೂಕದ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು 3 ಗ್ರಾಂಗೂ ಕಡಿಮೆ. ನಾರು ಹೆಚ್ಚಿದ್ದಷ್ಟೂ ಸಕ್ಕರೆ ರಕ್ತಕ್ಕೆ ಸೇರುವ ವೇಗ ತಗ್ಗುತ್ತದೆ, ಹೊಟ್ಟೆ ಬೇಗ ತುಂಬುತ್ತದೆ, ಕೊಲೆಸ್ಟರಾಲ್ ಹಿಡಿತದಲ್ಲಿರುತ್ತದೆ. ರೊಟ್ಟಿಯ ಜೊತೆಗೆ ಬರುವ ತೊಗರಿಬೇಳೆಗಂತೂ ಈ ಜಿಲ್ಲೆಯದೇ ಕೀರ್ತಿ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. 100 ಗ್ರಾಂ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನು ಇದ್ದು, ಕೊಬ್ಬು ಅತ್ಯಲ್ಪ. ಹುಳಿಹುಳಿಯಾದ ಪುಂಡಿಪಲ್ಯ, ಮೆಂತ್ಯದ ಸೊಪ್ಪು, ಹಸಿ ಈರುಳ್ಳಿ, ತೆಳುಮಜ್ಜಿಗೆ ಸೇರಿದರೆ ತಾಟು ಪರಿಪೂರ್ಣ.

ಈ ತಾಟಿನ ಅಂಚಿನಲ್ಲಿ ಕುಳಿತಿರುವ ಹಿಂಡಿಯೂ (ಚಟ್ನಿಪುಡಿ) ಸಾಮಾನ್ಯವಲ್ಲ. ಅಗಸಿಯ ಹಿಂಡಿಗೆ ಬಳಸುವ ಅಗಸೆ ಬೀಜದ ಎಣ್ಣೆಯಂಶದಲ್ಲಿ ಅರ್ಧಕ್ಕೂ ಹೆಚ್ಚಿನ ಪಾಲು ಒಮೆಗಾ–3 ವರ್ಗದ ಕೊಬ್ಬು. ಮೀನು ತಿನ್ನದ ಮನೆಗಳಿಗೆ ಅದು ಅಪರೂಪದ ವರ. ಶೇಂಗಾ, ಗುರೆಳ್ಳು, ಎಳ್ಳುಗಳೂ ಉತ್ತಮ ಕೊಬ್ಬಿನ ಆಗರಗಳು. ಹಿಂಗಾರಿನಲ್ಲಿ ಕಡಲೆ, ಜೋಳದ ಜೊತೆಗೆ ಮುಳ್ಳುಮುಳ್ಳಾಗಿ ನಿಲ್ಲುವ ಕುಸುಬಿಯ ಎಣ್ಣೆಯಲ್ಲಿ ಅಪರ್ಯಾಪ್ತ ಕೊಬ್ಬು ಸಮೃದ್ಧ. ಎಳ್ಳಾಮಾಸಿಯ (ಎಳ್ಳು ಅಮಾವಾಸ್ಯೆ) ದಿನ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲಿ, ಬಂಧುಬಳಗದೊಡನೆ ಸಜ್ಜೆರೊಟ್ಟಿ–ಭಜ್ಜಿ ಉಣ್ಣುವ ಸಂಭ್ರಮವನ್ನು ಇಲ್ಲಿ ಹುಟ್ಟಿದವರು ಎಲ್ಲಿದ್ದರೂ ಮರೆಯಲಾರರು. ಹೊಲದ ಹಸಿಕಾಳು, ಸೊಪ್ಪು, ತರಕಾರಿಗಳನ್ನೆಲ್ಲ ಒಂದೇ ಪಾತ್ರೆಯಲ್ಲಿ ಬೇಯಿಸುವ ಆ ಭಜ್ಜಿ, ಪೌಷ್ಟಿಕತೆಯ ಪಾಠವೊಂದು ಹಬ್ಬದ ರೂಪ ತಾಳಿದಂತಿದೆ. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದಾಗ ಜಗತ್ತು ಕೊಂಡಾಡಿದ ಧಾನ್ಯಗಳ ಸಾಲಿನಲ್ಲಿ ಜೋಳ, ಸಜ್ಜೆಗಳೂ ಇದ್ದವು. ಮಹಿಳಾ ಸ್ವಸಹಾಯ ಸಂಘಗಳ ಕೈಯಲ್ಲಿ ‘ಕಲಬುರಗಿ ರೊಟ್ಟಿ’ ಇಂದು ಒಂದು ಹೆಸರಾಗಿ ಬೆಳೆಯುತ್ತಿದೆ.

ಕಾಯಕ ಮತ್ತು ಕಾಲ್ನಡಿಗೆ

ಹನ್ನೆರಡನೆಯ ಶತಮಾನದ ಶರಣರು ದುಡಿಮೆಗೆ ಕಾಯಕವೆಂಬ ಪಾವಿತ್ರ್ಯ ನೀಡಿದ ಪರಂಪರೆ ಈ ಭಾಗದ ರಕ್ತದಲ್ಲಿದೆ. ಜೇವರ್ಗಿ ಸೀಮೆಯ ಅರಳಗುಂಡಗಿಯ ಶರಣಬಸವೇಶ್ವರರು ಹೊಲದಲ್ಲಿ ದುಡಿದು, ಬೆಳೆದುದನ್ನು ಹಸಿದವರಿಗೆ ಹಂಚಿದ ಮಹಾದಾಸೋಹಿಗಳು. ಆ ದುಡಿಮೆ ದೇಹವನ್ನು ಗಟ್ಟಿಗೊಳಿಸಿತು, ಆ ಹಂಚಿಕೆ ಮನಸ್ಸನ್ನು ಹಗುರಗೊಳಿಸಿತು. ಹೃದಯಕ್ಕೆ ಎರಡೂ ಬೇಕು.

ಭಕ್ತಿಯ ದಾರಿಯೂ ಇಲ್ಲಿ ಕಾಲ್ನಡಿಗೆಯ ದಾರಿಯೇ. ಶೀಗಿ ಹುಣ್ಣಿಮೆ ಸಮೀಪಿಸಿದಂತೆ ತುಳಜಾಪುರದ ಅಂಬಾಭವಾನಿಯ ದರ್ಶನಕ್ಕೆ ಆಳಂದ ಮಾರ್ಗವಾಗಿ ಸಾವಿರಾರು ಪಾದಯಾತ್ರಿಗಳು ಸಾಗುತ್ತಾರೆ. ಆಷಾಢದಲ್ಲಿ ಪಂಢರಪುರಕ್ಕೆ ಕಾಲ್ನಡಿಗೆಯ ದಿಂಡಿಗಳು ಹೊರಡುತ್ತವೆ. ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ ಭೀಮಾ–ಅಮರ್ಜಾ ಸಂಗಮದಲ್ಲಿ ಮಿಂದು ದತ್ತಾತ್ರೇಯನ ಪಾದುಕೆಗಳ ದರ್ಶನಕ್ಕೆ ನಡೆಯುವವರು, ಮಧ್ಯಾಹ್ನ ಜೋಳಿಗೆ ಹಿಡಿದು ಐದು ಮನೆಗಳಲ್ಲಿ ಮಾಧುಕರಿ ಬೇಡಿ ಉಣ್ಣುವವರು ಇಂದಿಗೂ ಕಾಣುತ್ತಾರೆ. ಮಿತಾಹಾರ, ನಡಿಗೆ, ಅಹಂಕಾರದ ವಿಸರ್ಜನೆ – ಮೂರೂ ಒಂದೇ ವ್ರತದಲ್ಲಿ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾದ ನಡಿಗೆಯಂತಹ ದೇಹಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವರ್ಷಕ್ಕೊಮ್ಮೆ ದೇವಿಗಾಗಿ ದಿನಗಟ್ಟಲೆ ನಡೆಯಬಲ್ಲ ಜನರಿಗೆ ನಿತ್ಯ ಅರ್ಧ ಗಂಟೆಯ ನಡಿಗೆ ಭಾರವಾಗಲಾರದು.

ಬದಲಾದ ಬದುಕು

ಇಷ್ಟೆಲ್ಲ ಸಂಪತ್ತಿದ್ದೂ ಹೃದ್ರೋಗ ಈ ಹಳ್ಳಿಗಳ ಬಾಗಿಲು ತಟ್ಟುತ್ತಿರುವುದು ನಿಜ. ಬದುಕಿನ ರೀತಿ ಒಂದೇ ತಲೆಮಾರಿನಲ್ಲಿ ಬದಲಾಗಿದೆ. ರಂಟೆ–ಕುಂಟೆಗಳ ಜಾಗಕ್ಕೆ ಟ್ರ್ಯಾಕ್ಟರ್ ಬಂತು, ಹೊಲದ ದಾರಿಗೆ ಬೈಕು ಬಂತು. ದಿನಕ್ಕೆ ಎರಡು ಹೊತ್ತು ರೊಟ್ಟಿ ಉಣ್ಣುತ್ತಿದ್ದ ಮನೆಗಳಲ್ಲಿ ಅನ್ನದ ಪಾಲು ದೊಡ್ಡದಾಯಿತು. ಸಂಜೆಯ ಸುಸಲಾ–ಮಿರ್ಚಿ, ಸಕ್ಕರೆ ಹೆಚ್ಚಿನ ಚಹಾ, ಪೊಟ್ಟಣದ ಕುರುಕಲು ನಿತ್ಯದ ಅಭ್ಯಾಸಗಳಾದವು. ಒಂದೇ ಬಾಣಲೆಯ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ ಅದರಲ್ಲಿ ಹೃದಯಕ್ಕೆ ಹಾನಿಕರವಾದ ಪದಾರ್ಥಗಳು ಹುಟ್ಟುತ್ತವೆ. ಹಪ್ಪಳ, ಉಪ್ಪಿನಕಾಯಿ, ಹಿಂಡಿಗಳ ಉಪ್ಪು ಸೇರಿ, ದಿನಕ್ಕೆ 5 ಗ್ರಾಂ, ಎಂದರೆ ಒಂದು ಟೀ ಚಮಚದ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಹಿಂಡಿಯ ಗುಣ ಅದರ ಕಾಳಿನಲ್ಲಿದೆ. ಆದ್ದರಿಂದ ಉಪ್ಪು ತಗ್ಗಿಸಿ ಕುಟ್ಟಿದ ಹಿಂಡಿಯೇ ಹೃದಯಕ್ಕೆ ಹಿತ.

ಎಲ್ಲಕ್ಕಿಂತ ಕ್ರೂರವಾದ ವೈರಿ ತಂಬಾಕು. ಕರ್ನಾಟಕದಲ್ಲಿ 2013ರಲ್ಲೇ ಗುಟ್ಖಾ ನಿಷೇಧವಾಗಿದೆ. ಆದರೂ ಬೀಡಿ, ಸಿಗರೇಟು, ಸುಣ್ಣದೊಡನೆ ತಿಕ್ಕಿದ ತಂಬಾಕು ಯುವಕರ ಕೈಬಿಟ್ಟಿಲ್ಲ. ಜಗಿಯುವ ತಂಬಾಕು ಬಾಯಿಯನ್ನಷ್ಟೇ ಕೆಡಿಸುತ್ತದೆ ಎಂಬ ನಂಬಿಕೆ ತಪ್ಪು. ಅದರ ನಿಕೋಟಿನ್ ರಕ್ತಕ್ಕೆ ಸೇರಿ, ನಾಳಗಳನ್ನು ಸಂಕುಚಿತಗೊಳಿಸಿ, ಒತ್ತಡವನ್ನು ಏರಿಸುತ್ತದೆ. ಆಶಾದಾಯಕ ಸಂಗತಿಯೆಂದರೆ, ಧೂಮಪಾನ ಬಿಟ್ಟ ಒಂದು ವರ್ಷದಲ್ಲಿ ಹೃದ್ರೋಗದ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಈ ವಿಷಯದಲ್ಲಿ ಹೃದಯ ಬಹಳ ಕ್ಷಮಾಶೀಲ.

ಕಲಬುರಗಿಗೆ ಬಂದ ಜಯದೇವ

ಚಿಕಿತ್ಸೆಯ ಕ್ಷೇತ್ರದಲ್ಲಿ ಕಲ್ಯಾಣ ಕರ್ನಾಟಕ ಕಂಡಿರುವ ಪ್ರಗತಿ ಅಭಿಮಾನಪಡುವಂಥದ್ದು. ಒಂದು ಕಾಲಕ್ಕೆ ಎದೆನೋವು ಬಂದರೆ ಸೊಲ್ಲಾಪುರ, ಹೈದರಾಬಾದ್ ಅಥವಾ ಬೆಂಗಳೂರಿನ ದಾರಿ ಹಿಡಿಯಬೇಕಿತ್ತು. ಇಂದು ಜಯದೇವ ಹೃದ್ರೋಗ ವಿಜ್ಞಾನ ಮತ್ತು ಸಂಶೋಧನಾ ಸಂಸ್ಥೆ ಕಲಬುರಗಿಯಲ್ಲೇ ಇದೆ. 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಗೊಂಡ ಅದರ ಭವ್ಯ ಕಟ್ಟಡದಲ್ಲಿ 371 ಹಾಸಿಗೆಗಳಿವೆ. ಈ ಭಾಗಕ್ಕೆ ವಿಶೇಷ ಸ್ಥಾನಮಾನ ನೀಡಿದ ಸಂವಿಧಾನದ 371(ಜೆ) ವಿಧಿಯನ್ನು ನೆನಪಿಸುವ ಸಂಖ್ಯೆಯದು. ಆಳಂದ, ಜೇವರ್ಗಿಗಳಿಂದ ನಲವತ್ತು ಕಿಲೋಮೀಟರ್ ಆಸುಪಾಸಿನ, ಅಫಜಲಪುರದಿಂದ ಅದಕ್ಕಿಂತ ಹೆಚ್ಚಿನ ಹಾದಿಯಲ್ಲಿ ಇಂಥದೊಂದು ಸಂಸ್ಥೆ ನಿಂತಿರುವುದು ಈ ನಾಡಿನ ಪಾಲಿಗೆ ಐತಿಹಾಸಿಕ.

2021ರ ಅಕ್ಟೋಬರ್ 29ರಂದು ನಲವತ್ತಾರರ ಹರೆಯದ ನಟ ಪುನೀತ್ ರಾಜ್‌ಕುಮಾರ್ ಅವರನ್ನು ಹೃದಯಸ್ತಂಭನದಿಂದ ಕಳೆದುಕೊಂಡ ಕರ್ನಾಟಕ, ಆ ದುಃಖವನ್ನು ಒಂದು ಜನೋಪಕಾರಿ ಯೋಜನೆಯಾಗಿ ಪರಿವರ್ತಿಸಿತು. ಅವರ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ತಜ್ಞರಿರುವ ಕೇಂದ್ರಕ್ಕೆ ತಕ್ಷಣ ರವಾನಿಸಲಾಗುತ್ತದೆ. ಹೃದಯಾಘಾತ ಖಚಿತವಾದರೆ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ನೀಡಿ, ಬಳಿಕ ದೊಡ್ಡ ಆಸ್ಪತ್ರೆಗೆ ಕಳುಹಿಸಲಾಗುತ್ತದೆ. ಈ ಸೇವೆ ಹಂತಹಂತವಾಗಿ ತಾಲ್ಲೂಕು ಆಸ್ಪತ್ರೆಗಳಿಗೆ ವಿಸ್ತರಿಸಿದೆ.

ಆದರೆ ಆ ಚುಚ್ಚುಮದ್ದಿನ ಪೂರ್ಣ ಫಲ ಸಿಗುವುದು ಸಮಯಕ್ಕೆ ಸರಿಯಾಗಿ ಬಂದವರಿಗೆ. “ಗ್ಯಾಸ್ ಆಗ್ಯಾದ, ಸೋಡಾ ಕುಡಿದ್ರ ಹೋಗ್ತದ” ಎಂಬ ಮಾತಿನಲ್ಲೇ ಎಷ್ಟೋ ಮನೆಗಳಲ್ಲಿ ಅಮೂಲ್ಯವಾದ ಮೊದಲ ಗಂಟೆ ಕಳೆದುಹೋಗುತ್ತದೆ. ಎದೆಯ ನಡುವೆ ಭಾರ ಹೇರಿದಂತಹ ನೋವು, ಅದು ಎಡತೋಳಿಗೆ, ಕುತ್ತಿಗೆಗೆ, ದವಡೆಗೆ ಅಥವಾ ಬೆನ್ನಿಗೆ ಹಬ್ಬುವುದು, ತಣ್ಣನೆಯ ಬೆವರು, ಉಸಿರುಕಟ್ಟುವಿಕೆ – ಇವು ಹೃದಯಾಘಾತದ ಮುಖ್ಯ ಸೂಚನೆಗಳು. ಮಹಿಳೆಯರಲ್ಲಿ, ಮಧುಮೇಹಿಗಳಲ್ಲಿ ನೋವು ತೀವ್ರವಾಗಿರದೆ ಬರೀ ಸುಸ್ತು, ವಾಕರಿಕೆ, ಏದುಸಿರಾಗಿಯೂ ಕಾಣಿಸಿಕೊಳ್ಳಬಹುದು. ಇಂಥ ಹೊತ್ತಿನಲ್ಲಿ ರೋಗಿ ತಾನೇ ಬೈಕು ಏರುವುದು ಅಪಾಯಕಾರಿ. 108ಕ್ಕೆ ಕರೆ ಮಾಡಿ, ಹತ್ತಿರದ ಇಸಿಜಿ ಸೌಲಭ್ಯವಿರುವ ಆಸ್ಪತ್ರೆ ಸೇರುವುದೇ ಪ್ರಾಣ ಉಳಿಸುವ ಹೆಜ್ಜೆ.

ಒಂದು ಸೀಮೆ ಬದಲಾಗಬಲ್ಲದು

ಇಡೀ ಜನಸಮುದಾಯ ಒಟ್ಟಾಗಿ ಹೃದ್ರೋಗವನ್ನು ಹಿಮ್ಮೆಟ್ಟಿಸಬಹುದೇ? ಫಿನ್ಲೆಂಡ್ ದೇಶದ ಉತ್ತರ ಕರೇಲಿಯಾ ಎಂಬ ಗ್ರಾಮೀಣ ಪ್ರಾಂತ್ಯ ಇದಕ್ಕೆ ಅದ್ಭುತ ಉತ್ತರ ನೀಡಿದೆ. ಹೊಲ–ಕಾಡುಗಳಲ್ಲಿ ದುಡಿಯುವ ಗಂಡಸರು ಮಧ್ಯವಯಸ್ಸಿನಲ್ಲೇ ಹೃದಯಾಘಾತಕ್ಕೆ ಬಲಿಯಾಗುವುದನ್ನು ಕಂಡು ಅಲ್ಲಿನ ಜನರೇ ಸರ್ಕಾರಕ್ಕೆ ಮೊರೆಯಿಟ್ಟರು. 1972ರಲ್ಲಿ ಪೆಕ್ಕಾ ಪುಸ್ಕಾ ಎಂಬ ಯುವ ವೈದ್ಯರ ನೇತೃತ್ವದಲ್ಲಿ ಚಳವಳಿ ಶುರುವಾಯಿತು. ಗೃಹಿಣಿಯರ ಸಂಘಟನೆಗಳು ಬೆಣ್ಣೆ, ಉಪ್ಪು ತಗ್ಗಿಸಿದ ಅಡುಗೆಯನ್ನು ಊರೂರಿಗೆ ಕಲಿಸಿದವು. ತಂಬಾಕು ತೊರೆಯುವುದು ಪ್ರತಿಷ್ಠೆಯ ಸಂಗತಿಯಾಯಿತು. ಸುಮಾರು ನಾಲ್ಕು ದಶಕಗಳಲ್ಲಿ ದುಡಿಯುವ ವಯಸ್ಸಿನ ಗಂಡಸರ ಹೃದ್ರೋಗದ ಸಾವು ಶೇಕಡಾ 80ಕ್ಕೂ ಹೆಚ್ಚು ಇಳಿಯಿತು.

ಕರೇಲಿಯಾದ ಜನ ಹೊಸ ಆಹಾರವನ್ನು ಕಲಿಯಬೇಕಾಯಿತು. ಭೀಮಾತೀರದ ಜನರಿಗೆ ಹಳೆಯದನ್ನು ಉಳಿಸಿಕೊಂಡರೆ ಸಾಕು. ಇಲ್ಲಿಯೂ ಹಳ್ಳಿಹಳ್ಳಿಗೆ ಸ್ವಸಹಾಯ ಸಂಘಗಳಿವೆ, ಮನೆ ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಯರಿದ್ದಾರೆ, ಜನ ಮಾತು ಕೇಳುವ ಮಠ–ದರ್ಗಾಗಳಿವೆ. ಆಳಂದದ ಲಾಡ್ಲೆ ಮಶಾಕ್ ದರ್ಗಾದ ಉರುಸು, ಘತ್ತರಗಿಯ ಭಾಗ್ಯವಂತಿಯ ಜಾತ್ರೆಗಳಲ್ಲಿ ಸೇರುವ ಜನಸಾಗರದ ಒಂದು ಮೂಲೆಯಲ್ಲಿ ರಕ್ತದೊತ್ತಡ ಅಳೆಯುವ ಮೇಜೊಂದು ಇದ್ದರೆ ಅದೂ ದಾಸೋಹವೇ.

ಮನೆಯೊಳಗೆ ಆಗಬೇಕಾದದ್ದು ಬಹಳವಿಲ್ಲ. ಮೂವತ್ತು ದಾಟಿದ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ಬಿಪಿ, ಸಕ್ಕರೆ ಪರೀಕ್ಷಿಸಿಕೊಳ್ಳಬೇಕು. ಒತ್ತಡ ಮತ್ತೆ ಮತ್ತೆ 140/90 ಮುಟ್ಟಿದರೆ ವೈದ್ಯರನ್ನು ಕಾಣಬೇಕು. ಆರಂಭಿಸಿದ ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಬಾರದು. ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರದಂತೆ ನೋಡಿಕೊಳ್ಳಬೇಕು. ಬೇಸಿಗೆಯ ಸುಡುಬಿಸಿಲು ಏರುವ ಮೊದಲೇ ಅರ್ಧ ಗಂಟೆ ನಡಿಗೆ, ರಾತ್ರಿ ಏಳೆಂಟು ಗಂಟೆಯ ನಿದ್ದೆ, ಸಂಜೆ ಕಟ್ಟೆಯ ಮೇಲೆ ನಾಲ್ಕು ಮಂದಿಯೊಡನೆ ಮನಬಿಚ್ಚಿದ ಮಾತು – ಇವು ಹಣ ಕೇಳದ ಔಷಧಗಳು. ಜಯದೇವದ 371 ಹಾಸಿಗೆಗಳು ಆಪತ್ತಿಗೆ ಸಿದ್ಧವಾಗಿರಲಿ. ಆ ಹಾಸಿಗೆಯವರೆಗೆ ಹೋಗದಂತೆ ಕಾಯುವ ಶಕ್ತಿ ದಿನವೂ ಬಡಿಯುವ ಆ ಬಿಳಿಜೋಳದ ರೊಟ್ಟಿಗಿದೆ. ಅದನ್ನು ಮಕ್ಕಳ ತಾಟಿಗೆ ಮರಳಿ ಬಡಿಸುವುದೇ ಈ ಸೀಮೆ ತನ್ನ ಮುಂದಿನ ತಲೆಮಾರಿಗೆ ಕೊಡಬಹುದಾದ ಅತಿ ದೊಡ್ಡ ಆಸ್ತಿ.